ನಿಶ್ಶೇಷ ಭಾಗಾಕಾರ: ನಿಯಮವೂ ಅದರ ಕಾರಣವೂ

ಒಂದು ಸಂಖ್ಯೆಯು ಮತ್ತೊಂದು ಸಂಖ್ಯೆಯಿಂದ ಶೇಷವುಳಿಯದಂತೆ ಭಾಗವಾಗುವುದೋ ಇಲ್ಲವೋ ಎಂಬುದನ್ನು ಪೂರ್ಣ ಭಾಗಾಕಾರ ಮಾಡದೆಯೇ ತಿಳಿಯುವ ಕೆಲವು ನಿಯಮಗಳು ಪ್ರಾಥಮಿಕ ಶಾಲೆಯ ಗಣಿತದಲ್ಲಿ ಬಹುಕಾಲದಿಂದ ನಡೆದುಬಂದಿವೆ. ಕೊನೆಯ ಅಂಕಿ ಸಮವಾಗಿದ್ದರೆ ಎರಡರಿಂದ, ಸೊನ್ನೆಯೋ ಐದೋ ಆಗಿದ್ದರೆ ಐದರಿಂದ, ಅಂಕಿಗಳ ಮೊತ್ತವು ಮೂರರಿಂದ ಭಾಗವಾದರೆ ಮೂರರಿಂದ ಎಂದು ಮಕ್ಕಳು ಮಗ್ಗಿಯ ರಾಗದಲ್ಲಿಯೇ ಇವನ್ನೂ ಒಪ್ಪಿಸುತ್ತಾರೆ. ಒಪ್ಪಿಸುವುದು ತಪ್ಪಲ್ಲ. ಆದರೆ ಅದೇ ಹುಡುಗನನ್ನು ಕರೆದು, ‘ಮೂರಕ್ಕೆ ಅಂಕಿಗಳನ್ನು ಕೂಡಿಸುವೆಯಲ್ಲ, ನಾಲ್ಕಕ್ಕೆ ಏಕೆ ಕೂಡಿಸಬಾರದು?’ ಎಂದು ಕೇಳಿದರೆ ಅವನು ಗೋಡೆಯನ್ನು ನೋಡುತ್ತಾನೆ. ಕೆಲವು ಕಡೆ ಕಲಿಸಿದವರೂ ಗೋಡೆಯನ್ನೇ ನೋಡುತ್ತಾರೆ. ಮುಂದೊಂದು ದಿನ ಅವನು ಏಳಕ್ಕೂ ಅಂಕಿಗಳನ್ನು ಕೂಡಿಸಿ, 16 ಎಂಬ ಸಂಖ್ಯೆಯಲ್ಲಿ ಒಂದೂ ಆರೂ ಸೇರಿ ಏಳಾಯಿತು, ಆದುದರಿಂದ ಹದಿನಾರು ಏಳರಿಂದ ಭಾಗವಾಗುತ್ತದೆ ಎಂದು ಬರೆಯುತ್ತಾನೆ. ಈ ತಪ್ಪಿನ ಹೊಣೆಯನ್ನು ಹುಡುಗನ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರಿನಂತಹ ಊರುಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ನಗರದ ಮಗುವಿಗೆ ಶಾಲೆಯಲ್ಲಿ ತಿಳಿಯದುದನ್ನು ಮನೆಯಲ್ಲಿಯೋ ಖಾಸಗಿ ಪಾಠದಲ್ಲಿಯೋ ತಿಳಿಸುವವರು ದೊರೆಯಬಹುದು. ಒಕ್ಕಲಿಗರ, ಕೂಲಿಕಾರರ ಮನೆಯಿಂದ ಬರುವ ಮಗುವಿಗೆ ತರಗತಿಯ ನಲವತ್ತು ನಿಮಿಷವೇ ಸರ್ವಸ್ವ. ಪ್ರಥಮ್ ಸಂಸ್ಥೆಯ ನೆರವಿನಿಂದ ನಡೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ ಐದನೆಯ ಇಯತ್ತೆಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯ ಸಂಖ್ಯೆಯಿಂದ ಭಾಗಿಸಬಲ್ಲವರು 2018ರಲ್ಲಿ ನೂರಕ್ಕೆ 27.9, 2022ರಲ್ಲಿ 25.6, 2024ರಲ್ಲಿ 30.7. ನೂರು ಮಕ್ಕಳಲ್ಲಿ ಎಪ್ಪತ್ತು ಮಂದಿ ಭಾಗಾಕಾರದ ಹೊಸ್ತಿಲಲ್ಲಿಯೇ ನಿಂತುಬಿಟ್ಟಿರುವಾಗ, ಭಾಗವಾಗುವ ಲಕ್ಷಣಗಳನ್ನು ಹೇಗೆ ಕಲಿಸಬೇಕೆಂಬುದು ಪಂಡಿತರ ಕಾಲಕ್ಷೇಪದ ಚರ್ಚೆಯಾಗಿ ಉಳಿಯುವುದಿಲ್ಲ.

ಈ ವಿಷಯದಲ್ಲಿ ಎರಡು ಬಗೆಯ ಉದಾಸೀನವು ಕಂಡುಬರುತ್ತದೆ. ಕೈಯಲ್ಲಿ ಯಂತ್ರವಿರುವಾಗ ಇವೆಲ್ಲ ಏತಕ್ಕೆ, ಪಾಠದಿಂದಲೇ ತೆಗೆದುಬಿಡಬಹುದು ಎನ್ನುವವರು ಒಂದು ಕಡೆ. ಸ್ಪರ್ಧಾತ್ಮಕ ಪರೀಕ್ಷೆಗೆ ಬೇಕಾಗುವುದರಿಂದ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಸಾಕು ಎನ್ನುವವರು ಮತ್ತೊಂದು ಕಡೆ. ಮೇಲುನೋಟಕ್ಕೆ ಇಬ್ಬರೂ ಎದುರಾಳಿಗಳಂತೆ ಕಂಡರೂ ಒಳಗೆ ಒಂದೇ ಅಭಿಪ್ರಾಯದವರು. ಈ ನಿಯಮಗಳ ಬೆಲೆಯೆಲ್ಲ ಬೇಗನೆ ಉತ್ತರ ಪಡೆಯುವುದರಲ್ಲಿದೆ ಎಂದೇ ಇಬ್ಬರೂ ತಿಳಿದಿದ್ದಾರೆ. ಉತ್ತರ ಬೇಗ ಬರುವುದೇ ಗುರಿಯಾದರೆ ಮೊದಲನೆಯವರ ಮಾತೇ ಸರಿ, ಯಂತ್ರವೇ ಮೇಲು. ಆದರೆ ಏಕೆ ಎಂಬ ಪ್ರಶ್ನೆಗೆ ಹತ್ತು ವರ್ಷದ ಮಗುವೂ ಪೂರ್ತಿಯಾಗಿ, ಎಳ್ಳಷ್ಟೂ ಸಂಶಯವುಳಿಯದಂತೆ ಉತ್ತರ ಹೇಳಬಲ್ಲ ಪಾಠಗಳು ಶಾಲೆಯ ಗಣಿತದಲ್ಲಿ ಬಹಳವಿಲ್ಲ. ಇದು ಅಂತಹದೊಂದು.

ಅದಕ್ಕೆ ಬೇಕಾದ ಸಾಮಗ್ರಿ ಒಂದು ಬುಟ್ಟಿ ಶೇಂಗಾ ಬೀಜ. 471 ಎಂಬ ಸಂಖ್ಯೆಯನ್ನು ತೆಗೆದುಕೊಂಡರೆ, ಅದರಲ್ಲಿ ನೂರರ ನಾಲ್ಕು ಗುಡ್ಡೆ, ಹತ್ತರ ಏಳು ಗುಡ್ಡೆ, ಬಿಡಿಯಾಗಿ ಒಂದು ಬೀಜ ಇವೆ. ನೂರರ ಪ್ರತಿಯೊಂದು ಗುಡ್ಡೆಯಿಂದ ತೊಂಬತ್ತೊಂಬತ್ತು ಬೀಜಗಳನ್ನು ತೆಗೆದಿಟ್ಟರೆ ಅವನ್ನು ಮೂವರಿಗಾಗಲಿ ಒಂಬತ್ತು ಮಂದಿಗಾಗಲಿ ಜಗಳವಿಲ್ಲದೆ ಹಂಚಬಹುದು; ಗುಡ್ಡೆಗೊಂದರಂತೆ ನಾಲ್ಕು ಬೀಜ ಉಳಿಯುತ್ತವೆ. ಹತ್ತರ ಪ್ರತಿಯೊಂದು ಗುಡ್ಡೆಯಿಂದ ಒಂಬತ್ತು ತೆಗೆದರೆ ಅಲ್ಲಿಯೂ ಒಂದೊಂದರಂತೆ ಏಳು ಉಳಿಯುತ್ತವೆ. ಇನ್ನು ಹಂಚಬೇಕಾದುದು ನಾಲ್ಕು, ಏಳು ಮತ್ತು ಒಂದು ಸೇರಿ ಹನ್ನೆರಡು. ಅಂಕಿಗಳ ಮೊತ್ತವೆಂದು ಪುಸ್ತಕದಲ್ಲಿ ಬರೆದಿರುವುದು ಹಂಚಿ ಮಿಕ್ಕ ಈ ಬೀಜಗಳನ್ನೇ. ಹನ್ನೆರಡನ್ನು ಮೂವರಿಗೆ ಹಂಚಬಹುದು, ಆದುದರಿಂದ 471 ಮೂರರಿಂದ ಭಾಗವಾಗುತ್ತದೆ; ಒಂಬತ್ತು ಮಂದಿಗೆ ಹಂಚಿದರೆ ಮೂರು ಮಿಗುತ್ತದೆ, ಆದುದರಿಂದ 471ನ್ನು ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೂ ಮೂರು. ನಿಯಮವು ಹೌದು ಅಥವಾ ಅಲ್ಲ ಎಂದಷ್ಟೇ ಹೇಳಿ ಸುಮ್ಮನಾಗದೆ ಶೇಷವನ್ನೂ ಕೈಗೆ ಕೊಡುತ್ತದೆ ಎಂಬ ಸಂಗತಿ ಬಾಯಿಪಾಠದ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಮಠದ ಪ್ರಸಾದನಿಲಯದಲ್ಲಿ 471 ಮಕ್ಕಳನ್ನು ಒಂಬತ್ತರ ಪಂಕ್ತಿಗಳಲ್ಲಿ ಕುಳ್ಳಿರಿಸುವ ಹುಡುಗನು ಕೊನೆಯ ಪಂಕ್ತಿಯಲ್ಲಿ ಮೂವರೇ ಇರುವರೆಂದು ಎಲೆ ಹಾಕುವ ಮೊದಲೇ ಹೇಳಬಲ್ಲನು.

ಇಷ್ಟು ತಿಳಿದ ಮೇಲೆ ನಾಲ್ಕಕ್ಕೆ ಏಕೆ ಕೂಡಿಸಬಾರದೆಂಬುದು ತಾನಾಗಿಯೇ ಬಗೆಹರಿಯುತ್ತದೆ. ಹತ್ತರಲ್ಲಿ ನಾಲ್ಕನ್ನು ಎಷ್ಟು ಸಲ ತೆಗೆದರೂ ಒಂದು ಉಳಿಯುವುದಿಲ್ಲ, ಎರಡು ಉಳಿಯುತ್ತದೆ. ನೂರರಲ್ಲಿಯಾದರೋ ಏನೂ ಉಳಿಯುವುದಿಲ್ಲ, ಏಕೆಂದರೆ ನೂರು ಎಂಬುದು ಇಪ್ಪತ್ತೈದು ನಾಲ್ಕು. ಆದಕಾರಣ ನೂರರ ಗುಡ್ಡೆಗಳು ಎಷ್ಟಿದ್ದರೂ ಅವನ್ನು ಮರೆತು ಕೊನೆಯ ಎರಡು ಅಂಕಿಗಳನ್ನು ನೋಡಿದರೆ ಸಾಕು. ಸಾವಿರವು ನೂರಿಪ್ಪತ್ತೈದು ಎಂಟು. ಆದ್ದರಿಂದ ಎಂಟಕ್ಕೆ ಕೊನೆಯ ಮೂರು ಅಂಕಿ. ಹನ್ನೊಂದರ ವಿಷಯದಲ್ಲಿ ಹತ್ತಕ್ಕೆ ಒಂದು ಕಡಿಮೆ ಬೀಳುತ್ತದೆ, ನೂರರಲ್ಲಿ ಒಂದು ಮಿಗುತ್ತದೆ, ಸಾವಿರಕ್ಕೆ ಮತ್ತೆ ಒಂದು ಕಡಿಮೆ. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆಯುವ ವಿಚಿತ್ರ ನಿಯಮವು ಈ ಸಾಲ ಮತ್ತು ಮಿಗತೆಗಳ ಲೆಕ್ಕವೇ ಆಗಿದೆ. ಎಲ್ಲ ನಿಯಮಗಳಿಗೂ ಬೇರು ಒಂದೇ: ಹತ್ತು, ನೂರು, ಸಾವಿರಗಳನ್ನು ಆ ಭಾಜಕದಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೆ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೂರರಿಂದ ಭಾಗವಾಗುವುದು ಸಂಖ್ಯೆಯ ಗುಣ. ಅಂಕಿಗಳ ಮೊತ್ತದಿಂದ ಅದನ್ನು ಕಂಡುಹಿಡಿಯುವುದು ಬರವಣಿಗೆಯ ಗುಣ. ಹತ್ತರ ಬದಲು ಬೇರೊಂದು ಕಟ್ಟಿನಲ್ಲಿ ಎಣಿಸಿದರೆ ನಿಯಮಗಳೆಲ್ಲ ಬದಲಾಗುತ್ತವೆ. ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬರುವವರೆಗೆ ರೂಪಾಯಿಗೆ ಹದಿನಾರು ಆಣೆಯ ಲೆಕ್ಕವಿತ್ತು. ಹದಿನಾರು ಎಂದರೆ ಹದಿನೈದಕ್ಕೆ ಒಂದು ಹೆಚ್ಚು. ಆದುದರಿಂದ ಆ ಕಾಲದ ಲೆಕ್ಕದಲ್ಲಿ ರೂಪಾಯಿಯ ಸಂಖ್ಯೆಯನ್ನೂ ಆಣೆಯ ಸಂಖ್ಯೆಯನ್ನೂ ಕೂಡಿಸಿ, ಬಂದ ಮೊತ್ತವು ಐದರಿಂದ ಭಾಗವಾದರೆ ಆ ಹಣವನ್ನು ಐವರಿಗೆ ಆಣೆ ಮುರಿಯದೆ ಹಂಚಬಹುದಾಗಿತ್ತು. ಏಳು ರೂಪಾಯಿ ಎಂಟು ಆಣೆಯಲ್ಲಿ ಏಳೂ ಎಂಟೂ ಹದಿನೈದು. ಒಟ್ಟು ಆಣೆ ನೂರಿಪ್ಪತ್ತು. ಐವರಿಗೆ ತಲಾ ಒಂದೂವರೆ ರೂಪಾಯಿ. ಈಗಿನ ರೂಪಾಯಿ ಪೈಸೆಯ ಲೆಕ್ಕದಲ್ಲಿ ಐದಕ್ಕೆ ಈ ಉಪಾಯ ನಡೆಯುವುದಿಲ್ಲ, ಬೇಕಾಗಿಯೂ ಇಲ್ಲ. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಬಲ್ಲ ಅಜ್ಜಂದಿರ ಲೆಕ್ಕವು ಮೊಮ್ಮಕ್ಕಳಿಗೆ ಮಾಯಾಜಾಲದಂತೆ ತೋರಿದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಇಷ್ಟೇ. ಅವರ ಕಟ್ಟು ನಾಲ್ಕು ಮತ್ತು ಹದಿನಾರರದು, ಇವರ ಕಟ್ಟು ಹತ್ತರದು.

ಏಳರ ಸಂಗತಿ ಬೇರೆ. ಪಠ್ಯಪುಸ್ತಕಗಳು ಎರಡರಿಂದ ಹನ್ನೊಂದರವರೆಗೆ ನಿಯಮಗಳನ್ನು ಕೊಡುವಾಗ ಏಳನ್ನು ಮಾತ್ರ ಮೆಲ್ಲನೆ ದಾಟಿಬಿಡುವುದುಂಟು. ಹತ್ತು, ನೂರು, ಸಾವಿರಗಳನ್ನು ಏಳರಿಂದ ಭಾಗಿಸಿದರೆ 3, 2, 6, 4, 5, 1 ಎಂದು ಶೇಷಗಳು ಅಂಕುಡೊಂಕಾಗಿ ಬರುವುದೇ ಈ ಸಂಕೋಚಕ್ಕೆ ಕಾರಣ. ಆದರೂ ದಾರಿಯಿದೆ. 1001 ಎಂಬುದು ಏಳು, ಹನ್ನೊಂದು, ಹದಿಮೂರುಗಳ ಗುಣಲಬ್ಧ. ಆದುದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಂತೆ ಕತ್ತರಿಸಿ, ತುಂಡುಗಳನ್ನು ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋದರೆ ಒಂದೇ ಪೆಟ್ಟಿಗೆ ಮೂರು ಭಾಜಕಗಳ ಪರೀಕ್ಷೆಯಾಗುತ್ತದೆ. (ಲಕ್ಷ, ಕೋಟಿಗಳಿಗೆ ಹಾಕುವ ಅಲ್ಪವಿರಾಮಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬಾರದು, ಮಕ್ಕಳು ಎಡವುವುದು ಅಲ್ಲಿಯೇ.) ಚಿಕ್ಕ ಸಂಖ್ಯೆಗಳಿಗೆ ಮತ್ತೊಂದು ದಾರಿ: ಕೊನೆಯ ಅಂಕಿಯ ಇಮ್ಮಡಿಯನ್ನು ಉಳಿದ ಭಾಗದಿಂದ ಕಳೆಯುವುದು. 343ರಲ್ಲಿ ಮೂವತ್ತನಾಲ್ಕರಿಂದ ಆರು ಕಳೆದರೆ ಇಪ್ಪತ್ತೆಂಟು, ಏಳರಿಂದ ಭಾಗವಾಗುತ್ತದೆ. ಬಿಡಿಯಾಗಿರುವ ಒಂದೊಂದರ ಜೊತೆಗೆ ಎರಡೆರಡು ಹತ್ತುಗಳನ್ನು ತೆಗೆದರೆ ಇಪ್ಪತ್ತೊಂದಾಗುತ್ತದೆ, ಇಪ್ಪತ್ತೊಂದು ಏಳರ ಮಗ್ಗಿಯಲ್ಲಿದೆ ಎಂಬುದೇ ಇದರ ಗುಟ್ಟು.

ಪುರಿಯ ಗೋವರ್ಧನ ಮಠದ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರ ‘ವೇದಿಕ್ ಮ್ಯಾಥಮ್ಯಾಟಿಕ್ಸ್’ ಎಂಬ ಗ್ರಂಥವು ಅವರ ನಿಧನಾನಂತರ 1965ರಲ್ಲಿ ಪ್ರಕಟವಾಯಿತು. ಅದರಲ್ಲಿ ‘ವೇಷ್ಟನ’ವೆಂಬ ಹೆಸರಿನಿಂದ ಈ ಬಗೆಯ ಪರೀಕ್ಷೆಗಳೇ ವಿಸ್ತಾರವಾಗಿ ಬಂದಿವೆ. ಏಳಕ್ಕೆ ಕೊನೆಯ ಅಂಕಿಯ ಐದುಪಟ್ಟನ್ನು ಉಳಿದ ಭಾಗಕ್ಕೆ ಕೂಡಿಸುವುದು, ಹದಿಮೂರಕ್ಕೆ ನಾಲ್ಕುಪಟ್ಟು, ಹತ್ತೊಂಬತ್ತಕ್ಕೆ ಎರಡುಪಟ್ಟು. ಲೆಕ್ಕಗಳೆಲ್ಲ ಸರಿಯಾಗಿವೆ. ಆದರೆ ಆ ಸೂತ್ರಗಳು ಪ್ರಕಟವಾಗಿರುವ ಅಥರ್ವವೇದದ ಪರಿಶಿಷ್ಟಗಳಲ್ಲಿ ದೊರೆಯುವುದಿಲ್ಲ. ಐವತ್ತು ಎಂಬುದು ಏಳೇಳು ನಲವತ್ತೊಂಬತ್ತಕ್ಕೆ ಒಂದು ಹೆಚ್ಚು ಎಂದು ತಿಳಿದವನಿಗೆ ಅವು ವೇದದಲ್ಲಿ ಇರಬೇಕಾದ ಅಗತ್ಯವೂ ಇಲ್ಲ. ಇಂದು ಹಣ ತೆತ್ತು ಸೇರುವ ತರಗತಿಗಳಲ್ಲಿ ಇವನ್ನು ಚಮತ್ಕಾರಗಳೆಂದು ಕಲಿಸುವಾಗ ಆ ಒಂದು ಹೆಚ್ಚು ಎಂಬ ಮಾತನ್ನೇ ಮುಚ್ಚಿಡುವುದು ಖೇದದ ವಿಷಯ. ಪ್ರಾಚೀನತೆಯ ಮುದ್ರೆಯೊತ್ತಿ ಕಾರಣವನ್ನು ಮರೆಮಾಡುವುದರಿಂದ ಪ್ರಾಚೀನರಿಗೆ ಗೌರವ ಸಲ್ಲುವುದಿಲ್ಲ.

ನಿಜವಾದ ಪ್ರಾಚೀನ ಗೌರವ ಬೇಕಾದವರಿಗೆ ಈ ಸೀಮೆಯಲ್ಲಿ ಅದರ ಕೊರತೆಯೇನೂ ಇಲ್ಲ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡೆಂದು ಎಣಿಸಿದ ಸ್ಥಳಗಳಲ್ಲೊಂದಾದ ಪುಲಿಗೆರೆ, ಅಂದರೆ ಲಕ್ಷ್ಮೇಶ್ವರ, ಹುಲಗೂರಿಗೆ ನೆರೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಯನ ಹೆಸರಿನ ಬಂಕಾಪುರವು ಇದೇ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಆ ನೃಪತುಂಗನನ್ನೇ ಮೊದಲಲ್ಲಿ ಕೊಂಡಾಡಿ, ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ತೆಗೆಯುವ ಕ್ರಮವನ್ನು ‘ನಿರುದ್ಧ’ವೆಂಬ ಹೆಸರಿನಿಂದ ಅವನು ನಿರೂಪಿಸಿದ್ದಾನೆ. ಶಾಲೆಯಲ್ಲಿ ಲ.ಸಾ.ಅ. ಎಂದು ಮಕ್ಕಳನ್ನು ಕಾಡುವುದು ಇದೇ. ಗುಣಾಕಾರದ ಪ್ರಕರಣದಲ್ಲಿ ಅವನು ಸಂಖ್ಯೆಗಳನ್ನು ಹಾರಗಳಂತೆ ಪೋಣಿಸಿರುವುದು ಇನ್ನೂ ಸೊಗಸು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 142857143ನ್ನು ಏಳರಿಂದ ಗುಣಿಸಿದರೆ 1000000001. ಇದನ್ನು ಅವನು ರಾಜನ ಕಂಠಾಭರಣವೆಂದು ಕರೆಯುತ್ತಾನೆ. ಎರಡು ತುದಿಗೆ ಒಂದೊಂದು ಒಂದು, ನಡುವೆ ಎಂಟು ಸೊನ್ನೆ. ಈ ಸಂಖ್ಯೆಯು ಏಳರಿಂದ ಭಾಗವಾಗುತ್ತದೆಂದು ಹೇಗೆ ತಿಳಿಯಬಹುದು? ಬಲದಿಂದ ಮೂರು ಮೂರರಂತೆ ಕತ್ತರಿಸಿದರೆ ಒಂದು, ಸೊನ್ನೆ, ಸೊನ್ನೆ, ಒಂದು. ಮೊದಲನೆಯದನ್ನು ಕೂಡಿ ಕೊನೆಯದನ್ನು ಕಳೆದರೆ ಸೊನ್ನೆ. ಆರನೆಯ ಇಯತ್ತೆಯ ಹುಡುಗಿಯೊಬ್ಬಳು ಇದನ್ನು ಸ್ಲೇಟಿನ ಮೇಲೆ ಮಾಡಿದಳೆಂದರೆ ಹನ್ನೊಂದು ಶತಮಾನಗಳ ಹಿಂದಿನ ಆಚಾರ್ಯನ ಹಾರದ ದಾರ ಅವಳ ಕೈಗೆ ಸಿಕ್ಕಿತು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು 2000ದಲ್ಲಿ ಹೊಂಬುಜದವರು ಪ್ರಕಟಿಸಿದ್ದಾರೆ. ಕನ್ನಡದಲ್ಲಿಯೇ ಗಣಿತ ಬರೆದ ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವೂ ಇದೆ. ಶಾಲೆಗಳ ಗ್ರಂಥಾಲಯಗಳಲ್ಲಿ ಇವುಗಳಿಗೆ ಒಂದು ಗೇಣು ಜಾಗ ಮಾಡಬೇಕು.

ಶರಣ ಪರಂಪರೆಯ ಮಕ್ಕಳಿಗೆ ಅಭ್ಯಾಸಕ್ಕೆ ಸಂಖ್ಯೆಗಳನ್ನು ಹೊರಗಿನಿಂದ ತರಬೇಕಾಗಿಲ್ಲ. ಪುರಾತನರು ಅರವತ್ತಮೂವರು, ಅಮರಗಣಂಗಳು ಏಳುನೂರ ಎಪ್ಪತ್ತು, ಮತ್ತೊಂದು ಎಣಿಕೆಯಂತೆ ಒಂದು ಲಕ್ಷ ತೊಂಬತ್ತಾರು ಸಾವಿರ, ಸ್ಥಲಗಳು ಆರು, ಮೂವತ್ತಾರು, ಇನ್ನೂರ ಹದಿನಾರು, ನೂರೊಂದು. 770ರಲ್ಲಿ ಏಳರಿಂದ ಏಳು ಕಳೆದರೆ ಸೊನ್ನೆ. ಆದುದರಿಂದ ಹನ್ನೊಂದರಿಂದ ಭಾಗವಾಗುತ್ತದೆ. ಏಳರಿಂದ ಭಾಗವಾಗುವುದಂತೂ ಕಣ್ಣಿಗೇ ಕಾಣುತ್ತದೆ. 196000ವು ಏಳರಿಂದ ಒಂದು ಸಲವಲ್ಲ, ಎರಡು ಸಲ ಭಾಗವಾಗಿ ನಾಲ್ಕು ಸಾವಿರಕ್ಕೆ ನಿಲ್ಲುತ್ತದೆ. 101 ಮಾತ್ರ ಯಾವುದಕ್ಕೂ ಮಣಿಯುವುದಿಲ್ಲ. ಎರಡು, ಮೂರು, ಐದು, ಏಳುಗಳಿಂದ ಪರೀಕ್ಷಿಸಿದರೆ ಸಾಕು, ಅದು ಅವಿಭಾಜ್ಯವೆಂದು ನಿರ್ಣಯವಾಗುತ್ತದೆ, ಏಕೆಂದರೆ ಹನ್ನೊಂದು ಹನ್ನೊಂದಲೆ ನೂರೊಂದನ್ನು ದಾಟುತ್ತದೆ.

ನೆರೆಯ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ (1905–1986) ಅವರು ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗೆ ‘ಹರ್ಷದ’ ಎಂದು ಹೆಸರಿಟ್ಟರು, ಹರ್ಷವನ್ನು ಕೊಡುವುದು ಎಂಬರ್ಥದಲ್ಲಿ. ದೊಡ್ಡ ಪದವಿಗಳಿಲ್ಲದ ಈ ಮಾಸ್ತರರ ಹೆಸರು ಇಂದು ಜಗತ್ತಿನ ಸಂಖ್ಯಾಶಾಸ್ತ್ರದಲ್ಲಿ ನಿಂತಿದೆ. ಅವರಿಗೆ ಕೀರ್ತಿ ತಂದ 6174ರ ಅಂಕಿಗಳ ಮೊತ್ತ ಹದಿನೆಂಟು. ಭಾಗಿಸಿದರೆ ಬರುವುದು 343, ಅಂದರೆ ಏಳೇಳಲೆ ಏಳು. 63, 770, 36, 216, 196000 ಇವೆಲ್ಲವೂ ಹರ್ಷದ ಸಂಖ್ಯೆಗಳೇ, 101 ಅಲ್ಲ. ಇದರಲ್ಲಿ ಗೂಢಾರ್ಥವನ್ನು ಹುಡುಕಲು ಹೊರಡಬಾರದು. ಹನ್ನೆರಡು, ಹದಿನೆಂಟು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತನಾಲ್ಕು ಎಂದು ಹರ್ಷದ ಸಂಖ್ಯೆಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಮಕ್ಕಳಿಗೆ ಹರ್ಷವಾದರೆ ಸಾಕು.

ಇವೆಲ್ಲ ಆಟದ ಮಾತಾಯಿತು ಎನ್ನುವವರು ವ್ಯವಹಾರವನ್ನೂ ನೋಡಬಹುದು. ಗುಣಾಕಾರ ಸರಿಯಾಯಿತೇ ಎಂದು ಒಂಬತ್ತನ್ನು ಕಳೆದು ಪರೀಕ್ಷಿಸುವ ಕ್ರಮವು ಭಾರತದಲ್ಲಿ ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿಯೇ ಬಂದಿದೆ. ಮಹಾವೀರನ 139ರ ಅಂಕಿಗಳನ್ನು ಕೂಡಿ ಒಂಬತ್ತು ತೆಗೆದರೆ ನಾಲ್ಕು, 109ರದು ಒಂದು, ನಾಲ್ಕೊಂದಲೆ ನಾಲ್ಕು, 15151ರದೂ ನಾಲ್ಕು. ಆದರೆ ಅವಸರದಲ್ಲಿ 15511 ಎಂದು ಅಂಕಿಗಳನ್ನು ಅದಲುಬದಲು ಬರೆದರೆ ಈ ಪರೀಕ್ಷೆಗೆ ಅದು ತಿಳಿಯುವುದಿಲ್ಲ, ಮೊತ್ತ ಅದೇ ಇರುತ್ತದೆ. ಹನ್ನೊಂದರ ಪರೀಕ್ಷೆ ಹಿಡಿಯುತ್ತದೆ. ಹನ್ನೊಂದರಿಂದ ಭಾಗಿಸಿದರೆ 15151ಕ್ಕೆ ನಾಲ್ಕು ಉಳಿದರೆ, 15511ಕ್ಕೆ ಒಂದು ಉಳಿಯುತ್ತದೆ. ಪುಸ್ತಕಗಳ ಬೆನ್ನ ಮೇಲೆ ಅಚ್ಚಾಗುತ್ತಿದ್ದ ಹತ್ತಂಕಿಯ ಐ.ಎಸ್.ಬಿ.ಎನ್. ಸಂಖ್ಯೆಯನ್ನು ರೂಪಿಸಿದವರು ಹನ್ನೊಂದನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಅಂಕಿಗಳನ್ನು ಹತ್ತರಿಂದ ಒಂದರವರೆಗೆ ಕ್ರಮವಾಗಿ ಗುಣಿಸಿ ಕೂಡಿದರೆ ಮೊತ್ತವು ಹನ್ನೊಂದರಿಂದ ಭಾಗವಾಗಬೇಕು. ಪಕ್ಕದ ಎರಡು ಬೇರೆ ಬೇರೆ ಅಂಕಿಗಳನ್ನು ಅದಲುಬದಲು ಮಾಡಿದರೆ ಭಾಗವಾಗುವುದಿಲ್ಲ. 2007ರಿಂದ ಬಂದಿರುವ ಹದಿಮೂರಂಕಿಯ ಸಂಖ್ಯೆಯು ಹತ್ತರಿಂದ ಭಾಗವಾಗುವಂತೆ ಕಟ್ಟಲ್ಪಟ್ಟಿದೆ. ಅಕ್ಕಪಕ್ಕದ ಅಂಕಿಗಳ ವ್ಯತ್ಯಾಸ ಐದಾಗಿದ್ದರೆ ಅವುಗಳ ಅದಲುಬದಲು ಅದರ ಕಣ್ಣಿಗೆ ಬೀಳುವುದಿಲ್ಲ. ಹೊಸತು ಎಲ್ಲ ರೀತಿಯಲ್ಲಿಯೂ ಹಳತಿಗಿಂತ ಮೇಲೆಂದು ಹೇಳುವಂತಿಲ್ಲ.

ಪಂಚಾಂಗವೂ ಇದೇ ಶೇಷದ ಮೇಲೆ ನಿಂತಿದೆ. ಶಾಲಿವಾಹನ ಶಕ ವರ್ಷಕ್ಕೆ ಹನ್ನೆರಡು ಕೂಡಿಸಿ ಅರವತ್ತರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಾಂಕ. ಶಕ 1909ಕ್ಕೆ ಒಂದು ಉಳಿಯುತ್ತದೆ, ಅದು ಪ್ರಭವ. ಶಕ 1947ಕ್ಕೆ ಮೂವತ್ತೊಂಬತ್ತು, ವಿಶ್ವಾವಸು. ಯುಗಾದಿಯಂದು ಬೇವುಬೆಲ್ಲ ಹಂಚುವ ಮೊದಲು ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

ಹುಲಗೂರಿನ ಹೆಸರು ಕೇಳಿದೊಡನೆ ಹಜರತ್ ಶಾ ಖಾದ್ರಿಯವರ ದರ್ಗಾ, ಅವರಲ್ಲಿ ಭಕ್ತಿಯಿಟ್ಟಿದ್ದ ಮನೆತನದಲ್ಲಿ ಹುಟ್ಟಿದ ಶಿಶುನಾಳ ಶರೀಫರು (1819–1889) ನೆನಪಿಗೆ ಬರುತ್ತಾರೆ. ಖಾದ್ರಿಯವರು ಶಿಷ್ಯರಿಗೆ ಲಿಂಗದೀಕ್ಷೆಯನ್ನೂ ಕೊಡುತ್ತಿದ್ದರೆಂದು ಪ್ರತೀತಿ. ಶರೀಫರು ಕೆಲಕಾಲ ಶಾಲಾಮಾಸ್ತರಿಕೆ ಮಾಡಿ ಅದನ್ನು ಬಿಟ್ಟು, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು. ಆ ಗುರುಶಿಷ್ಯರ ನಡುವೆ ಪ್ರಶ್ನೆಗಳಿಗೆ ಇದ್ದ ಸ್ವಾತಂತ್ರ್ಯದ ಕಥೆಗಳು ಈ ಸೀಮೆಯಲ್ಲಿ ಮನೆಮಾತು. ಹನ್ನೆರಡನೆಯ ಶತಮಾನದ ಅನುಭವ ಮಂಟಪವೂ ಪ್ರಶ್ನೋತ್ತರಗಳ ಸ್ಥಾನವಾಗಿತ್ತು. ಅಂತಹ ಪರಂಪರೆಯ ಹೆಸರಿನಲ್ಲಿ ನಡೆಯುವ ಶಾಲೆಗಳಲ್ಲಿ ‘ಮಾಸ್ತರರು ಹೇಳಿದರು, ಆದ್ದರಿಂದ ಮೂರರಿಂದ ಭಾಗವಾಗುತ್ತದೆ’ ಎಂಬ ಉತ್ತರಕ್ಕೆ ಅಂಕಗಳು ದೊರೆಯುವುದು ವಿಪರ್ಯಾಸ.

ಇದನ್ನು ತಿದ್ದಲು ಸರ್ಕಾರದ ಆದೇಶವನ್ನು ಕಾಯಬೇಕಾಗಿಲ್ಲ. ಶಾಲೆಯ ಒಳಪರೀಕ್ಷೆಗಳಲ್ಲಿ ‘ಭಾಗವಾಗುವುದೇ?’ ಎಂಬ ಪ್ರಶ್ನೆಗೆ ಎರಡು ಅಂಕಗಳಿದ್ದರೆ ಒಂದನ್ನು ‘ಏಕೆ?’ ಎಂಬುದಕ್ಕೆ ಮೀಸಲಿಡಬಹುದು. ಕಾರಣವನ್ನು ಶೇಂಗಾ ಬೀಜದ ಮಾತಿನಲ್ಲಿ ಬರೆದರೂ ಪೂರ್ಣಾಂಕ ಕೊಡಬೇಕು. ಬೀಜಗಣಿತದ ಅಕ್ಷರಗಳು ಎಂಟನೆಯ ಇಯತ್ತೆಗೆ ಬರಲಿ. ಇದಕ್ಕೆ ಹೊತ್ತು ಸಾಲದು ಎಂಬ ಆಕ್ಷೇಪಣೆ ಶಿಕ್ಷಕರಿಂದ ಬರುತ್ತದೆ, ಅದು ಹುಸಿಯಲ್ಲ. ಪಾಠಗಳು ಬಹಳ, ತರಗತಿಗಳು ದೊಡ್ಡವು, ಬೇರೆ ಕೆಲಸಗಳ ಹೊರೆಯೂ ಉಂಟು. ಆದರೆ ಹತ್ತು ನಿಯಮಗಳನ್ನು ಹತ್ತು ದಿನ ಒಪ್ಪಿಸಿಕೊಂಡು ಹನ್ನೊಂದನೆಯ ದಿನ ಮರೆತದ್ದನ್ನು ಮತ್ತೆ ಹೇಳಿಕೊಡುವುದಕ್ಕೆ ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ. ಒಂಬತ್ತರ ನಿಯಮದ ಕಾರಣವನ್ನು ಒಂದು ತಾಸು ಕುಳಿತು ಬಿಡಿಸಿದರೆ ಮೂರರದು ಅದರಲ್ಲಿಯೇ ಬಂತು. ಹನ್ನೊಂದರದಕ್ಕೆ ಅರ್ಧ ತಾಸು. ನಾಲ್ಕು, ಎಂಟುಗಳನ್ನು ಮಕ್ಕಳೇ ಹೇಳುತ್ತಾರೆ. ಏಳರ ನಿಯಮವನ್ನು ಕೊಡದೆ, ಹುಡುಕಿ ತರಲು ಒಂದು ವಾರ ಬಿಡುವುದು ಲೇಸು. ಆ ವಾರದಲ್ಲಿ ತರಗತಿಯಲ್ಲಿ ಸ್ವಲ್ಪ ಗದ್ದಲವಾಗುತ್ತದೆ, ತಪ್ಪು ನಿಯಮಗಳೂ ಬರುತ್ತವೆ. ಮಕ್ಕಳು 16ನ್ನು ತಂದು ಅವನ್ನು ತಾವೇ ಮುರಿಯುತ್ತಾರೆ.